ಕಲಬುರಗಿಯ ಪ್ರಶ್ನೆ, ಪುಣೆಯ ಫಲಕ

ಪುಣೆಯ ಹಳೆಯ ಪೇಠೆಗಳಲ್ಲಿ ಮನೆಯವರಿಗಿಂತ ಮೊದಲು ಬಾಗಿಲೇ ಮಾತನಾಡುತ್ತದೆ. ಗಂಟೆಯನ್ನು ಒಮ್ಮೆ ಒತ್ತಿದರೆ ಸಾಕು, ಒಳಗಿರುವವರು ಕಿವುಡರಲ್ಲ. ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಚಕ್ರದ ಗಾಳಿ ತೆಗೆಯಲಾಗುವುದು. ಪಕ್ಕದ ಮನೆಯವರ ವಿಚಾರವನ್ನು ಇಲ್ಲಿ ಕೇಳಬಾರದು. ಹೀಗೆ ಹೇಳಬೇಕಾದುದನ್ನೆಲ್ಲ ಫಲಕದ ಮೇಲೆ ಬರೆದು ತೂಗುಹಾಕಿರುತ್ತಾರೆ. ಇವಕ್ಕೆ ‘ಪುಣೇರಿ ಪಾಟಿ’ ಎಂದು ಹೆಸರು. ಮರಾಠಿಗರೇ ಇವುಗಳ ಚಿತ್ರ ತೆಗೆದು ಒಬ್ಬರಿಗೊಬ್ಬರು ಕಳಿಸಿಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಕಲಬುರಗಿಯಲ್ಲಿ ಬೆಳೆದವನಿಗೆ ಅದರಲ್ಲಿ ಸ್ವಲ್ಪ ದಿಗಿಲೂ ಇದೆ. ಕೇಳುವ ಮೊದಲೇ ಉತ್ತರ ಬರೆದು ಬಾಗಿಲಿಗೆ ಮೊಳೆ ಹೊಡೆದುಬಿಟ್ಟರೆ, ಬಂದವನು ಮಾತು ಆರಂಭಿಸುವುದಾದರೂ ಎಲ್ಲಿಂದ?

ದೂರದ ಲೆಕ್ಕದಲ್ಲಿ ಎರಡೂ ಊರುಗಳು ನೆರೆಹೊರೆಯೇ. ಪುಣೆಯಲ್ಲಿ ರೈಲು ಹತ್ತಿ ಸೋಲಾಪುರ ದಾಟಿದರೆ ಮುಂದೆ ನಮ್ಮದೇ ಸೀಮೆ. ಮರಾಠಿ ನಮಗೆ ಹೊಸದೂ ಅಲ್ಲ. ಆದರೆ ಪುಣೆಯಲ್ಲಿ ಕೆಲಸವಿದ್ದರೆ ಮಾತು. ಕಲಬುರಗಿಯಲ್ಲಿ ಮಾತು ಮೊದಲು, ಕೆಲಸ ಅದಕ್ಕೊಂದು ನೆಪ. ಹೊರಗಿನವರಿಗೆ ಹೇಳಿ ನಂಬಿಸುವುದು ಕಷ್ಟವಾದ ಇನ್ನೊಂದು ಸಂಗತಿಯೂ ಇದೆ: ನಮ್ಮೂರಿನಲ್ಲಿ ಪ್ರಶ್ನೆ ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ.

ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರ ಪೇಟೆಯಲ್ಲಿ ಎರಡೂ ಕೈಗಳಲ್ಲಿ ತರಕಾರಿ ಚೀಲ ಹಿಡಿದು, ಬೆವರು ಒರೆಸಿಕೊಳ್ಳಲೂ ಆಗದೆ ನಡೆಯುತ್ತಿದ್ದರೆ ಎದುರು ಸಿಕ್ಕವರು ನಿಲ್ಲಿಸಿ, “ಏನು, ಬಜಾರಿಗೆ ಬಂದಿರೇನು?” ಎನ್ನುತ್ತಾರೆ. ಸೂಟ್‌ಕೇಸ್ ಹಿಡಿದು ಹೊಸ್ತಿಲು ದಾಟಿದವನನ್ನು ಕಾಕಾ ಅಡಿಯಿಂದ ಮುಡಿಯವರೆಗೆ ನೋಡಿ, “ಬಂದೆಯೇನು?” ಎಂದು ಕೇಳುತ್ತಾರೆ. ಮಧ್ಯಾಹ್ನ ಮಲಗಿದವನನ್ನು ಅಲುಗಾಡಿಸಿ ಎಬ್ಬಿಸಿ “ಮಲಗಿದ್ದೆಯೇನು?” ಎನ್ನುವವರೂ ಅವರೇ. ಒಮ್ಮೆ ಮದುವೆಗೆಂದು ನನ್ನ ಜೊತೆ ಬಂದಿದ್ದ ಪುಣೆಯ ಸಹೋದ್ಯೋಗಿ ಎರಡು ದಿನ ಇದನ್ನು ಕಂಡು, “ಕಣ್ಣಿಗೆ ಕಾಣುವುದನ್ನೇ ಏಕೆ ಕೇಳುತ್ತಾರೆ?” ಎಂದು ಬೆರಗಾದ. ಕಾಣದ್ದನ್ನು ಕೇಳಿದರೆ ಎದುರಿನವನು ಯೋಚಿಸಿ ಉತ್ತರಿಸಬೇಕು, ಕೆಲವೊಮ್ಮೆ ಸುಳ್ಳನ್ನೂ ಹೇಳಬೇಕಾಗುತ್ತದೆ. ಕಾಣುವುದನ್ನು ಕೇಳಿದರೆ ‘ಹೌದು’ ಎಂದರೆ ಸಾಕು. ಯಾರಿಗೂ ತೊಂದರೆಯಿಲ್ಲ, ಮಾತು ಶುರುವಾಗಿರುತ್ತದೆ. ಇದಕ್ಕಿಂತ ಮೆತ್ತನೆಯ ಉಪಾಯ ಯಾವ ಶಿಷ್ಟಾಚಾರದಲ್ಲೂ ನನಗೆ ಕಂಡಿಲ್ಲ.

ಬಸ್ಸಿನಲ್ಲಿ ಪ್ರಶ್ನೆಗಳು ಬೇರೆ ಜಾತಿಯವು. ಕಲಬುರಗಿಯಿಂದ ಅಫಜಲಪುರಕ್ಕೆ ಹೊರಟ ಕೆಂಪು ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರು ಊರು ದಾಟುವುದರೊಳಗೆ ನಿಮ್ಮ ಊರು ಕೇಳಿರುತ್ತಾರೆ. ಆಮೇಲೆ ಯಾರ ಮನೆ, ಅಪ್ಪ ಏನು ಮಾಡುತ್ತಿದ್ದರು, ಹೊಲ ಎಷ್ಟಿದೆ, ಎಷ್ಟು ಜನ ಅಣ್ಣತಮ್ಮಂದಿರು, ಪಾಲಾಗಿದೆಯೇ ಇಲ್ಲವೇ. ನಂತರ ಪುಣೆಯಲ್ಲಿ ಪಗಾರ ಎಷ್ಟು. ನಾನು ಬಾಯಿಗೆ ಬಂದ ಒಂದು ಮೊತ್ತ ಹೇಳಿದರೆ, “ಅಷ್ಟರಲ್ಲಿ ಅಲ್ಲಿ ಸಾಗುತ್ತದೆಯೇ?” ಎಂದು ಮರುಗುತ್ತಾರೆ. ಹೆಚ್ಚಿಗೆ ಹೇಳಿದರೂ ಅದೇ ಮರುಕ. ಈ ವಿಚಾರಣೆಯೆಲ್ಲ ಎಲ್ಲಿಯಾದರೂ ಒಂದು ನೆಂಟಸ್ತಿಕೆಯ ಎಳೆ ಸಿಗುವವರೆಗೆ. ನನ್ನ ಅತ್ತೆಯ ಊರಿನ ಪಕ್ಕದ ಹಳ್ಳಿಗೆ ಅವರ ತಂಗಿಯ ಮಗಳನ್ನು ಕೊಟ್ಟಿದ್ದಾರೆ ಎಂದು ಗೊತ್ತಾದ ಕೂಡಲೇ, “ಹಾಗಾದರೆ ನೀವು ನಮ್ಮವರೇ ಆದಿರಿ” ಎಂದು ಸರಿದು ಜಾಗ ಕೊಡುತ್ತಾರೆ, ಚೀಲದಿಂದ ಶೇಂಗಾ ಹೊರಬರುತ್ತದೆ. ನನ್ನ ಪಗಾರ ಆಗಲೇ ಮರೆತುಹೋಗಿರುತ್ತದೆ.

ಎಲ್ಲ ಪ್ರಶ್ನೆಗಳೂ ಇಷ್ಟು ಮುಗ್ಧವಲ್ಲ, ಅದನ್ನೂ ಹೇಳಬೇಕು. “ನೀವು ಯಾರ ಪೈಕಿ?” ಎಂಬುದು ಕಾಳಜಿಯ ದನಿಯಲ್ಲಿಯೇ ಬರುತ್ತದೆ. ಆದರೆ ಕೆಲವು ಮನೆಗಳಲ್ಲಿ ನೀರು ಕೊಡುವ ಲೋಟವನ್ನು ಯಾವ ಕಪಾಟಿನಿಂದ ತೆಗೆಯಬೇಕು ಎಂಬುದು ಆ ಒಂದು ಉತ್ತರದ ಮೇಲೆ ನಿಂತಿರುತ್ತದೆ. ಅಂಥ ಕಡೆ ಉತ್ತರ ಬೇಕೇ ಬೇಕು. ಇದರಲ್ಲಿ ತಮಾಷೆ ಕಾಣುವುದು ಕೇಳುವವರಿಗೆ ಮಾತ್ರ. ಉತ್ತರ ಹೇಳಬೇಕಾದವರಿಗೆ ಪುಣೆಯ ಫಲಕವೇ ಎಷ್ಟೋ ವಾಸಿ ಎನಿಸಿದರೆ ನಾನು ಎದುರಾಡುವುದಿಲ್ಲ.

ನನ್ನ ಕಾಕಾನ ಮಗಳ ಕತೆಯೂ ಇದೇ ದಿಕ್ಕಿನದು. ಮದುವೆಯಾಗಿ ವರ್ಷಗಳು ಕಳೆದರೂ ಅವಳಿಗೆ ಮಕ್ಕಳಿಲ್ಲ. ಯಾವ ಸೀಮಂತಕ್ಕೆ ಹೋದರೂ, ಯಾವ ಗೃಹಪ್ರವೇಶಕ್ಕೆ ಹೋದರೂ ಅದೇ ಪ್ರಶ್ನೆ. ಒಂದು ದಿನ ಅವಳು ಮುಖ ಗಂಟಿಕ್ಕದೆ, “ಇಬ್ಬರಿದ್ದಾರೆ ಅತ್ತಿ, ಇನ್ನೂ ಬಂದಿಲ್ಲ ಅಷ್ಟೇ” ಎಂದಳು. ಕೇಳಿದ ಅತ್ತಿ ಅರ್ಧ ಕ್ಷಣ ತಡೆದು, “ರಸ್ತೆ ಹಾಳಾಗಿದೆಯಲ್ಲ ತಂಗಿ, ತಡವಾಗುತ್ತದೆ” ಎಂದು ಎಲೆ ಅಡಿಕೆ ಮುಂದೆ ಸರಿಸಿದರು. ಇಬ್ಬರೂ ನಕ್ಕರು. ಪಕ್ಕದಲ್ಲಿದ್ದ ನಾನು ಮೆಚ್ಚಿದ್ದು ಆ ಮುದುಕಿಯನ್ನು. ಆದರೂ ಪ್ರತಿ ಸಲ ಅಂಥ ಮುದುಕಿ ಸಿಗುವುದಿಲ್ಲ. ತಂಗಿ ಈಗ ರಜೆಗೆ ಪುಣೆಗೆ ಬಂದರೆ ಹಾಯಾಗಿ ಇರುತ್ತಾಳೆ. ನಮ್ಮ ಕಟ್ಟಡದಲ್ಲಿ ಯಾರೂ ಅವಳನ್ನು ಏನೂ ಕೇಳಿಲ್ಲ.

ಆಸ್ಪತ್ರೆಗೆ ಹೋದರೆ ಮಾತ್ರ ನನಗೆ ಕಲಬುರಗಿಯೇ ಬೇಕು. ಪುಣೆಯ ಒಂದು ಆಸ್ಪತ್ರೆಯಲ್ಲಿ ಮೊಣಕಾಲು ತೋರಿಸಲು ಕುಳಿತಿದ್ದೆ. ಗೋಡೆಯ ಪರದೆಯ ಮೇಲೆ ಟೋಕನ್ ಸಂಖ್ಯೆ ಬದಲಾಗುತ್ತಿತ್ತು, ಸಾಲು ಕುರ್ಚಿಗಳ ತುಂಬ ಜನ ತಂತಮ್ಮ ಮೊಬೈಲ್ ನೋಡುತ್ತಿದ್ದರು. ಎರಡು ಗಂಟೆಯಾದರೂ ಯಾರ ಬಾಯಿಂದಲೂ ಒಂದು ಮಾತಿಲ್ಲ. ಅದೇ ಮೊಣಕಾಲನ್ನು ಕಲಬುರಗಿಯಲ್ಲಿ ತೋರಿಸಲು ಹೋದಾಗ, ಹೊರಗಿನ ಕಾರಿಡಾರಿನಲ್ಲಿ ನನ್ನ ಎಕ್ಸ್‌ರೇ ಕೈಯಿಂದ ಕೈಗೆ ಹೋಯಿತು. ಜೇವರ್ಗಿ ಕಡೆಯ ರೈತರೊಬ್ಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಗಾಂಭೀರ್ಯದಲ್ಲಿ ಪರಿಶೀಲಿಸಿದರು. “ಎಲುಬು ಗಟ್ಟಿ ಇದೆ ಬಿಡಿ” ಎಂದರು. ಅವರ ಪಕ್ಕದ ಹೆಣ್ಣುಮಗಳು ಇಸಿದುಕೊಂಡು ನೋಡಿ, “ಗಟ್ಟಿ ಏನು ಬಂತು, ಇಲ್ಲಿ ಸವೆದಿದೆಯಲ್ಲ” ಎಂದು ಬೆರಳಿಟ್ಟು ತೋರಿಸಿದಳು. ಅವಳು ತೋರಿಸುತ್ತಿದ್ದುದು ಪಟದ ಮೂಲೆಯಲ್ಲಿ ಅಚ್ಚಾಗಿದ್ದ ನನ್ನ ಹೆಸರನ್ನು. ವಾದ ಜೋರಾಯಿತು. ಒಬ್ಬರು ಎಣ್ಣೆ ಹೇಳಿದರು, ಇನ್ನೊಬ್ಬರು ಎಕ್ಕದ ಎಲೆ ಹೇಳಿದರು, ಮೂರನೆಯವರು ಬೀದರಿನ ಯಾವುದೋ ವೈದ್ಯರ ಮನೆಯ ದಾರಿ ಹೇಳಿದರು. ನನ್ನ ಸರದಿ ಬಂದಾಗ ಒಳಗೆ ಹೋಗಲು ಮನಸ್ಸಿರಲಿಲ್ಲ. ನೋವೂ ಅರ್ಧ ಇಳಿದಿತ್ತು. ಡಾಕ್ಟರು ಎರಡು ನಿಮಿಷದಲ್ಲಿ ಮುಗಿಸಿದರು. ಹೊರಬಂದ ಕೂಡಲೇ ಎಲ್ಲರೂ ಒಟ್ಟಿಗೆ, “ಏನಂದರು?” ಈ ಒಂದು ಪ್ರಶ್ನೆಗೆ ಮಾತ್ರ ಅವರಿಗೆ ಉತ್ತರ ಬೇಕಿತ್ತು, ತಮ್ಮಲ್ಲಿ ಯಾರು ಗೆದ್ದರೆಂದು ತಿಳಿಯಲು.

ದಾರಿ ಹೇಳುವುದು ಇನ್ನೊಂದು ವಿದ್ಯೆ. ಪುಣೆಯಲ್ಲಿ ದಾರಿ ಕೇಳಿದರೆ ಮೊಬೈಲಿನ ನಕ್ಷೆ ನೋಡಲು ಹೇಳುತ್ತಾರೆ, ಅಥವಾ ಎಡ, ಬಲ, ನೇರ ಎಂದು ಮೂರೇ ಪದದಲ್ಲಿ ಮುಗಿಸುತ್ತಾರೆ. ಕಲಬುರಗಿಯಲ್ಲಿ ಈಗ ಇಲ್ಲದ ವಸ್ತುಗಳ ಮೂಲಕ ದಾರಿ ತೋರಿಸುತ್ತಾರೆ. ಕೆಡವಿಹಾಕಿದ ಟಾಕೀಸಿನ ಬಲಕ್ಕೆ ಹೋಗಿ, ಕಡಿದ ಬೇವಿನ ಮರದ ಹತ್ತಿರ ತಿರುಗಬೇಕು. ಊರಿನ ಹೆಸರೇ 2014ರ ನವೆಂಬರ್ 1ರಂದು ಗುಲ್ಬರ್ಗಾದಿಂದ ಕಲಬುರಗಿಯಾಯಿತು. ನಮ್ಮ ಹಿರಿಯರು ಇನ್ನೂ ಗುಲ್ಬರ್ಗಾದ ಟಿಕೆಟ್ಟೇ ಕೇಳುತ್ತಾರೆ, ಕಂಡಕ್ಟರೂ ಕೊಡುತ್ತಾನೆ. ಹೇಳುವವರಿಗೆ ದಾರಿ ಗೊತ್ತಿರಲೇಬೇಕು ಎಂಬ ನಿಯಮವೂ ಇಲ್ಲ. ಗೊತ್ತಿಲ್ಲ ಎಂದು ಕೇಳಿದವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಯಾವುದೋ ಒಂದು ದಿಕ್ಕಿಗೆ ಕೈ ತೋರಿಸುತ್ತಾರೆ.

ಭಾಷೆಯ ಗೋಜಲು ಈ ಮಾತುಕತೆಗಳಿಗೆ ಒಳ್ಳೆಯ ಒಗ್ಗರಣೆ. 1948ರ ಸೆಪ್ಟೆಂಬರ್‌ವರೆಗೆ ನಮ್ಮದು ನಿಜಾಮರ ಸೀಮೆ, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಉರ್ದು ಮಾಧ್ಯಮದಲ್ಲಿ ಓದಿದ ನನ್ನ ಅಜ್ಜ ಲೆಕ್ಕವನ್ನು ಉರ್ದುವಿನಲ್ಲಿ ಮಾಡುತ್ತಿದ್ದರು, ಭಜನೆಗೆ ಮರಾಠಿ ಅಭಂಗ, ಬೈಯಲು ಕನ್ನಡ. ಇಂದಿಗೂ ಸ್ಟೇಷನ್ನಿನ ಹೊರಗೆ ನಾನು ದಖನಿ ಉರ್ದುವಿನಲ್ಲಿ ಬಾಡಿಗೆ ಕೇಳುತ್ತೇನೆ, ಆಟೋದ ಭಾಯ್ ಕನ್ನಡದಲ್ಲಿ ಉತ್ತರಿಸುತ್ತಾರೆ. ಇಬ್ಬರೂ ಇನ್ನೊಬ್ಬರ ಭಾಷೆಗೆ ಮರ್ಯಾದೆ ಕೊಡುವ ಹಟದಲ್ಲಿ ಜಗತ್ ವೃತ್ತದವರೆಗೆ ಹಾಗೆಯೇ ಸಾಗುತ್ತೇವೆ. ಬಾಡಿಗೆಯ ವಿಷಯಕ್ಕೆ ಬಂದಾಗ ಮಾತ್ರ ಇಬ್ಬರೂ ತಂತಮ್ಮ ಮಾತೃಭಾಷೆಗೆ ಮರಳುತ್ತೇವೆ. ಮಾತೇ ಇಲ್ಲದ ವ್ಯವಹಾರ ನಮ್ಮ ಕಡೆ ನಾನು ಕಂಡಿರುವುದು ದನದ ಸಂತೆಯಲ್ಲಿ ಮಾತ್ರ. ಅಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಅದೂ ದಲ್ಲಾಳಿಯ ಬೆರಳಷ್ಟೇ ಮೌನ, ಬಾಯಿ ಎತ್ತಿನ ಗುಣಗಾನ ಮಾಡುತ್ತಲೇ ಇರುತ್ತದೆ.

ಅವ್ವನ ಫೋನಿನ ಬಗ್ಗೆ ಒಂದಿಷ್ಟು ಹೇಳದಿದ್ದರೆ ಅನ್ಯಾಯವಾಗುತ್ತದೆ. ನನ್ನ ಕಚೇರಿಯ ಜನ ಮೊದಲ ವಾಕ್ಯದಲ್ಲಿ ವಿಷಯ ಹೇಳಿ ಎರಡನೆಯದರಲ್ಲಿ ಫೋನ್ ಇಡುತ್ತಾರೆ. ಅವ್ವ “ಏನಿಲ್ಲ, ಸುಮ್ಮನೆ ಮಾಡಿದೆ” ಎಂದು ಆರಂಭಿಸುತ್ತಾಳೆ. ಊಟ, ಬಿಸಿಲು, ನಳದ ನೀರು ಮುಗಿದ ಮೇಲೆ ಯಾರದೋ ಸಾವಿನ ಸುದ್ದಿ.

“ಅವರು ಹೋದರಲ್ಲೋ.”

“ಯಾರು?”

“ಅವರೇ, ನಮ್ಮ ಹಳೆಯ ಮನೆಯ ಹಿಂದೆ ಇದ್ದರಲ್ಲ, ಅವರ ಬೀಗರು.”

“ನನಗೆ ಗೊತ್ತಿಲ್ಲ ಅವ್ವಾ.”

“ಗೊತ್ತಿಲ್ಲದೆ ಏನು? ನಿನ್ನ ತೊಟ್ಟಿಲಿಗೆ ಬಂದಿದ್ದರು.”

ತೊಟ್ಟಿಲಲ್ಲಿದ್ದವನು ಬಂದವರ ಮುಖ ನೆನಪಿಟ್ಟಿಲ್ಲ ಎಂಬುದು ಅವಳಿಗೆ ನಿಜವಾಗಿಯೂ ಬೇಸರದ ವಿಷಯ. ಕೊನೆಗೆ ನಾನು “ಹಾಂ, ನೆನಪಾಯಿತು” ಎನ್ನುತ್ತೇನೆ. ಅದು ಸುಳ್ಳೆಂದು ಅವಳಿಗೂ ಗೊತ್ತು. ಇಬ್ಬರೂ ಕೂಡಿ ಸತ್ತವರಿಗೆ ಮರುಗುತ್ತೇವೆ. “ಸರಿ, ಇಡುತ್ತೇನೆ” ಎಂದ ಮೇಲೆ, ನಾನು ಕಿವಿಯಿಂದ ಫೋನ್ ತೆಗೆಯುವಷ್ಟರಲ್ಲಿ ಅಸಲು ಸುದ್ದಿ ಬರುತ್ತದೆ: “ಅಂದ ಹಾಗೆ, ಹಿತ್ತಲ ಗೋಡೆ ಬಿತ್ತು.”

ನನ್ನ ಪಕ್ಕದ ಮನೆಯ ಮರಾಠಿ ಹಿರಿಯರು ಮಿತಭಾಷಿಗಳು. ‘ಊಟ ಮಾಡಿಯೇ ಬಂದಿರಬೇಕಲ್ಲ’ ಎಂದು ಅತಿಥಿಯನ್ನು ಬಾಗಿಲಲ್ಲೇ ಕೇಳುವ ಪುಣೆಯವರ ಬಗ್ಗೆ ಮರಾಠಿಗರು ಹೇಳುವ ಜೋಕನ್ನು ಅವರೇ ನನಗೆ ಹೇಳಿದ್ದು, ಚಹಾ ಕೊಡದೆ. ಆದರೆ ನನ್ನ ಹೆಂಡತಿಗೆ ಜ್ವರ ಬಂದಾಗ ಒಂದೂ ಪ್ರಶ್ನೆ ಕೇಳದೆ ದಿನಾ ಸಂಜೆ ಡಬ್ಬಿಯಲ್ಲಿ ಗಂಜಿ ತಂದು ಬಾಗಿಲ ಬಳಿ ಇಟ್ಟು ಹೋದವರೂ ಅವರೇ. ಕಲಬುರಗಿಯಾಗಿದ್ದರೆ ಗಂಜಿಯ ಜೊತೆ ಹತ್ತು ಜನ ಬಂದು ಜ್ವರಕ್ಕೆ ಕಾರಣ ಹುಡುಕುತ್ತಿದ್ದರು.

ಅವರು ದತ್ತ ಭಕ್ತರು. ಭೀಮಾ ಮತ್ತು ಅಮರಜಾ ನದಿಗಳ ಸಂಗಮದ ಗಾಣಗಾಪುರಕ್ಕೆ ಮಹಾರಾಷ್ಟ್ರದಿಂದ ಬರುವ ಜನಕ್ಕೆ ಲೆಕ್ಕವಿಲ್ಲ. ಇವರೂ ಹೋಗಿ ಪಾದುಕೆಗಳ ದರ್ಶನ ಮಾಡಿ, ಮಧ್ಯಾಹ್ನ ಮಧುಕರಿ, ಅಂದರೆ ಮನೆಮನೆಯ ಭಿಕ್ಷೆ, ಬೇಡಿ ಬಂದರು. ಬಂದವರೇ ನನ್ನಲ್ಲಿ ದೂರು ತಂದರು. ಸ್ಟೇಷನ್ನಿನಿಂದ ದೇವಸ್ಥಾನಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಒಬ್ಬ ಕಾಕಾ ಇವರ ಪಿಂಚಣಿ ಎಷ್ಟೆಂದು ಕೇಳಿದರಂತೆ. ಮಗನಿಗೆ ಅಮೆರಿಕದಲ್ಲಿ ರೊಟ್ಟಿ ಸಿಗುತ್ತದೆಯೇ ಎಂದು ಕೇಳಿದರಂತೆ. ಇಳಿಯುವಾಗ ಫೋನ್ ನಂಬರನ್ನೂ ಬರೆದುಕೊಂಡರಂತೆ.

ಕೆಲವು ವಾರಗಳ ಮೇಲೆ ಅವರು ಆತಂಕದಿಂದ ಬಾಗಿಲು ತಟ್ಟಿದರು. ಆ ಮನುಷ್ಯ ಆಗಾಗ ಫೋನ್ ಮಾಡುತ್ತಾರೆ, ಮುರುಕು ಮರಾಠಿಯಲ್ಲಿ ಊಟವಾಯಿತೇ ಎಂದು ಕೇಳುತ್ತಾರೆ, ಮಂಡಿನೋವು ವಿಚಾರಿಸುತ್ತಾರೆ, ಇಟ್ಟುಬಿಡುತ್ತಾರೆ. “ಅವರಿಗೆ ನನ್ನಿಂದ ಏನು ಬೇಕಿರಬಹುದು?” ಎಂದರು. ಏನೂ ಬೇಕಿಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಸಾಲ ಕೇಳಬಹುದೇ ಎಂದರು. ಇಲ್ಲ ಎಂದೆ. ಕೊನೆಗೆ ಮೊನ್ನೆ ಆ ಕಾಕಾ ನಿಜವಾಗಿಯೂ ಏನೋ ಕೇಳಿದರಂತೆ: ಪುಣೆಯಲ್ಲಿ ತೊಗರಿ ಬೇಳೆಯ ದರ ಎಷ್ಟಿದೆ? ಅದಂತೂ ನಮ್ಮವರ ಉಸಿರು; ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ, ದರ ಬಿದ್ದರೆ ಊರಿಗೆ ಊರೇ ಮಂಕಾಗುತ್ತದೆ. ಪ್ರಶ್ನೆ ಬಂದಿತೆಂದು ಪಕ್ಕದ ಮನೆಯವರಿಗೆ ಎಷ್ಟು ಸಮಾಧಾನವಾಯಿತೆಂದರೆ, ಚಪ್ಪಲಿ ಮೆಟ್ಟಿಕೊಂಡು ಹೋಗಿ ಮೂರು ಅಂಗಡಿಗಳಲ್ಲಿ ವಿಚಾರಿಸಿ, ದರಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ಫೋನ್ ಮಾಡಿದರು. ಆ ಕಡೆಯಿಂದ ಕಾಕಾ ಸಾವಧಾನವಾಗಿ ಕೇಳಿಸಿಕೊಂಡು, “ಅದಿರಲಿ ಸಾಹೇಬರೇ, ಊಟವಾಯಿತೇ?” ಎಂದರಂತೆ.