ಆಷಾಢದಲ್ಲಿ ಮೈಸೂರಿಗೆ ಹೋಗೋದಾ?

ಹದಿನೈದು ದಿನದಿಂದ ನಮ್ಮ ಮನೆಯಲ್ಲಿ ಇದೇ ಮಾತು. ಆಷಾಢದಲ್ಲಿ ಮೈಸೂರಿಗೆ ಹೋಗೋದಾ, ಇಲ್ಲ ದಸರೆವರೆಗೆ ಕಾಯೋದಾ? ಆಫೀಸಿನಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ. "ಆಫ್ ಸೀಸನ್‌ನಾಗ ಏನ್ ನೋಡ್ತೀರಿ ಸರ?"

ಈ ಸೀಸನ್ ಯಾರದು ಅಂತ ನನ್ನ ಪ್ರಶ್ನೆ. ತಿರುಗಾಡಲು ಅಕ್ಟೋಬರ್‌ನಿಂದ ಫೆಬ್ರವರಿ ಚಲೋ ಅನ್ನುತ್ತಾರೆ. ನಮ್ಮ ಕಲಬುರಗಿಯಲ್ಲಿ ಹೊಲ ಇರುವ ಮನೆಯವರನ್ನು ಕೇಳಿ ನೋಡಿ. ಡಿಸೆಂಬರ್, ಜನವರಿ ಅಂದ್ರೆ ತೊಗರಿ ರಾಶಿ. ಅದನ್ನು ಬಿಟ್ಟು ಅರಮನೆ ನೋಡಲು ಯಾರು ಹೋಗುತ್ತಾರೆ? ಏಪ್ರಿಲ್, ಮೇನಲ್ಲಿ ಮಕ್ಕಳಿಗೆ ರಜೆ, ಆದರೆ ವಾರಕ್ಕೆರಡು ಮದುವೆ. ಬಿಸಿಲು 42 ದಾಟಿರುತ್ತದೆ, ಸ್ಟೇಷನ್ ಮುಟ್ಟುವುದರೊಳಗೆ ಸಾಕಾಗಿ ಹೋಗುತ್ತದೆ. ಉಳಿಯುವುದು ಮಣ್ಣೆತ್ತಿನ ಅಮಾವಾಸ್ಯೆಯಿಂದ ನಾಗರ ಪಂಚಮಿವರೆಗಿನ ಒಂದು ತಿಂಗಳು, ಅಂದ್ರೆ ಆಷಾಢ. ಬಿತ್ತನೆ ಮುಗಿದಿರುತ್ತದೆ. ಮದುವೆ ಇಲ್ಲ, ಯಾರಿಗೂ ಸೀರೆ ಕೊಳ್ಳಬೇಕಿಲ್ಲ. ಪಂಚಮಿ ಬಂತೆಂದರೆ ಅಕ್ಕ ತಂಗಿಯರು ತವರಿಗೆ ಬರುತ್ತಾರೆ, ಆಮೇಲೆ ಹಬ್ಬದ ಮೇಲೆ ಹಬ್ಬ. ಮೈಸೂರಿನ ಆಫ್ ಸೀಸನ್ನೇ ನಮ್ಮ ಸೀಸನ್, ಅಲ್ವಾ?

ದಸರೆಗೂ ಒಮ್ಮೆ ಹೋಗಿದ್ದೆವು. ಲಾಡ್ಜಿನವರು ಫೋನಿನಲ್ಲಿ ಹೇಳಿದ ರೇಟೇ ಬೇರೆ, ಬ್ಯಾಗು ಹಿಡಿದು ಎದುರು ನಿಂತಾಗ ಕೇಳಿದ್ದೇ ಬೇರೆ. ಡಬಲ್‌ಗಿಂತ ಜಾಸ್ತಿ. ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಎಲ್ಲಿ ಹುಡುಕೋದು ಅಂತ ಸುಮ್ನೆ ಕೊಟ್ಟೆ. ಮೆರವಣಿಗೆ ದಿನ ಬೆಳಗ್ಗೆಯೇ ಹೋಗಿ ರಸ್ತೆ ಪಕ್ಕ ನಿಂತೆವು. 750 ಕಿಲೋ ತೂಕದ ಅಂಬಾರಿ ಅನ್ನುತ್ತಾರಲ್ಲ, ನನಗೆ ಕಂಡದ್ದು ಅದರ ತುದಿ ಮಾತ್ರ. ಉಳಿದದ್ದೆಲ್ಲ ಮುಂದಿನವರು ಎತ್ತಿ ಹಿಡಿದ ಮೊಬೈಲು. ನನ್ನ ಹೆಗಲ ಮೇಲೆ ಕೂತಿದ್ದ ಮಗ ಮಾತ್ರ ಆನೆಯನ್ನು ಕಣ್ತುಂಬ ನೋಡಿದ. ಈಗಲೂ ಅದನ್ನೇ ಹೇಳಿ ನನ್ನ ಹೊಟ್ಟೆ ಉರಿಸುತ್ತಾನೆ.

ಮಳೆ ಅಂತ ಹೆದರಿಸುವವರು ಇದ್ದಾರೆ. ಮೈಸೂರಲ್ಲಿ ಜೋರು ಮಳೆ ಬೀಳುವುದು ಮೇನಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಂದ್ರೆ ಸರಿಯಾಗಿ ದಸರೆ ಹೊತ್ತಿಗೆ! ಆಷಾಢದಲ್ಲಿ ಬರುವುದು ಜಿಟಿಜಿಟಿ, ಜೊತೆಗೆ ತಂಪು ಗಾಳಿ. ನಮ್ಮ ಬಿಸಿಲು ತಿಂದವರಿಗೆ ಇನ್ನೇನು ಬೇಕು?

ಹಾಗಂತ ಕಳೆದುಕೊಳ್ಳುವುದು ಏನೂ ಇಲ್ಲ ಅಂತಲ್ಲ. ಕನ್ನಂಬಾಡಿಯಿಂದ ಜಾಸ್ತಿ ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ದಸರಾ ಆನೆಗಳು ಇನ್ನೂ ಕಾಡಿನ ಕ್ಯಾಂಪಿನಲ್ಲೇ ಇರುತ್ತವೆ. ಮಕ್ಕಳಿಗೆ ಎರಡು ದಿನ ಶಾಲೆ ತಪ್ಪುತ್ತದೆ. (ಅದಕ್ಕೆ ನನಗೇನೂ ಬೇಜಾರಿಲ್ಲ, ಮಾಸ್ತರರು ಇದನ್ನು ಓದದಿದ್ದರೆ ಸಾಕು.) ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ದಸರೆಯಲ್ಲಿ ದಿನಾ ಸಂಜೆ ಹತ್ತುತ್ತವೆ, ಉಳಿದಂತೆ ಭಾನುವಾರ ಮತ್ತು ಸರ್ಕಾರಿ ರಜೆಗೆ. ಮಂಗಳವಾರ ಝೂ ಬಂದ್. ಹಾಗಾಗಿ ಶನಿವಾರ ಮುಟ್ಟಿ ಸೋಮವಾರ ಹೊರಡೋಣ ಅಂತ ನನ್ನ ಲೆಕ್ಕ.

ಕಷ್ಟ ಇದ್ದದ್ದು ಚಾಮುಂಡಿ ಬೆಟ್ಟದ್ದು. ಆಷಾಢ ಶುಕ್ರವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅವ್ವ ಶುಕ್ರವಾರವೇ ಬೇಕು ಅಂದರೆ ನನ್ನ ಲೆಕ್ಕವೆಲ್ಲ ತಲೆಕೆಳಗು. ಅಂಜಿಕೊಂಡೇ ಕೇಳಿದೆ. ಮೆಂತ್ಯೆ ಪಲ್ಯ ಸೋಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. "ಸೋಮವಾರ ಹೋದ್ರ ಅಕಿ ಎಲ್ಲಿ ಹೋಗಿರ್ತಾಳೋ? ಗದ್ದಲ ಇಲ್ಲದಾಗ ಹೋದ್ರ ನಾಲ್ಕ್ ಮಾತಾದ್ರೂ ಆಡಬಹುದು."

ಅಲ್ಲಿಗೆ ತೀರ್ಮಾನ ಆಯಿತು. ಬಸವ ಎಕ್ಸ್‌ಪ್ರೆಸ್‌ಗೆ ಐದು ಟಿಕೆಟ್ ಹಾಕಿದೆ. ಮೂರು ಕನ್ಫರ್ಮ್, ಎರಡು ವೇಟಿಂಗ್. ಮೈಸೂರಿಗೆ ಆಫ್ ಸೀಸನ್ ಇರಬಹುದು, ಇಲ್ಲಿಂದ ಬೆಂಗಳೂರು ಕಡೆ ಹೋಗುವ ರೈಲಿಗೆ ಎಲ್ಲಿಯದು?

ನಿನ್ನೆ ಅಟ್ಟದ ಮೇಲಿಂದ ಛತ್ರಿ ಇಳಿಸಿ ಬಿಚ್ಚಿದೆ. ಎರಡು ಕಡ್ಡಿ ಮುರಿದಿವೆ, ನಡುವೆ ಇಲಿ ಕಡಿದ ತೂತು. ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಛತ್ರಿ ರಿಪೇರಿ ಮಾಡುವವರು ಈಗಲೂ ಕೂಡುತ್ತಾರಾ? ಗೊತ್ತಿದ್ದವರು ಹೇಳ್ರಿ.