ಹತ್ತಕ್ಕೂ ಹನ್ನೊಂದಕ್ಕೂ ನಡುವೆ

ಮೊನ್ನೆ ಭಾನುವಾರ ನಮ್ಮನೆ ಜಗುಲಿಯಲ್ಲಿ ಕರ್ಣ ರಾತ್ರಿ ಹತ್ತು ಗಂಟೆಗೇ ಸತ್ತುಹೋದ. ಅವನು ಸಾಯಬೇಕಾಗಿದ್ದು ಬೆಳಗಿನ ಜಾವಕ್ಕೆ. ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಸತ್ತು ಅರೆ ನಿಮಿಷ ಆಗಿಲ್ಲ, ಶಲ್ಯನ ಹತ್ತಿರ ವಾದಕ್ಕೆ ನಿಂತುಬಿಟ್ಟ.

"ತಮಾ, ಸತ್ತವ ಎದ್ಕಂಡು ಶಲ್ಯನ ಸಂತಿಗೆ ಜಗಳ ಆಡ್ತಾ ಇದ್ದ. ಬಂದು ನೋಡು" ಅಂತ ಅಪ್ಪ ಕೂಗಿದ.

ಶಿರಸಿ ಕಡೆಯವರಿಗೆ ಹೇಳಬೇಕಾಗಿಲ್ಲ, ಇದು ಅಡಿಕೆ ಸುಲಿಯುವ ಕಾಲ. ಸಂಜೆ ಏಳಕ್ಕೆ ಮೆಟ್ಟುಗತ್ತಿ ಹಿಡಿದು ಕೂತರೆ ಏಳುವ ಹೊತ್ತಿಗೆ ಸೊಂಟ ನಮ್ಮದಲ್ಲ. ಕಿವಿಗಾದರೂ ಏನಾದರೂ ಕೆಲಸ ಬೇಕು. ನಮ್ಮನೆಯಲ್ಲಿ ಆ ಕೆಲಸಕ್ಕೆ ಇರುವುದು ಒಂದು ತಾಳಮದ್ದಲೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ. ನಾನು ಹುಟ್ಟುವ ಮೊದಲು ಊರ ದೇವಸ್ಥಾನದಲ್ಲಿ ಆಗಿದ್ದು. ದೊಡ್ಡಪ್ಪ ಟೇಪ್ ರೆಕಾರ್ಡರ್ ಇಟ್ಟು ಇಡೀ ರಾತ್ರಿ ಹಿಡಿದಿದ್ದ. ತೊಂಬತ್ತು ನಿಮಿಷದ ಆರು ಕ್ಯಾಸೆಟ್. ಒಂದೊಂದು ಬದಿಗೆ ನಲವತ್ತೈದು ನಿಮಿಷದ ಹಾಗೆ ಹನ್ನೆರಡು ಬದಿ.

ಹೋದ ಮಳೆಗಾಲದಲ್ಲಿ ನಾನು ಅದನ್ನೆಲ್ಲ ಬದಿಗೊಂದು ಕಂತಿನ ಹಾಗೆ, 1ರಿಂದ 12ರ ತನಕ ಹೆಸರಿಟ್ಟು ಕಂಪ್ಯೂಟರಿಗೆ ಇಳಿಸಿದೆ. ಎಂಪಿ3 ಮಾಡಿದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ, ಇಡೀ ರಾತ್ರಿಗೆ 500 ಎಂಬಿ ಚಿಲ್ಲರೆ. ಕರ್ಣ, ಅರ್ಜುನ, ಭಾಗವತರು, ಮದ್ದಲೆ, ಹಿಂದೆ ಕೂತು ಕೆಮ್ಮುವವರು ಎಲ್ಲರೂ ಉಗುರಿನಷ್ಟು ಪೆನ್‌ಡ್ರೈವಿನಲ್ಲಿ. ಕೆಲಸ ಮುಗಿಯಿತು ಅಂದುಕೊಂಡೆ. ಹಾಗೆ ಅಂದುಕೊಂಡಿದ್ದೇ ತಪ್ಪು.

ಅಪ್ಪನ ಹತ್ತಿರ ಪೆನ್‌ಡ್ರೈವ್ ಹಾಕುವ ರೇಡಿಯೋ ಪೆಟ್ಟಿಗೆ ಇದೆ. ಅದು ಫೈಲುಗಳನ್ನು ಹೆಸರಿನ ಪ್ರಕಾರ ಹಾಡಿಸುತ್ತದೆ. ಆದರೆ ಅದಕ್ಕೆ ಲೆಕ್ಕ ಬರುವುದಿಲ್ಲ, ಅಕ್ಷರ ಮಾತ್ರ ಬರುತ್ತದೆ. ಅದರ ಮಗ್ಗಿಯಲ್ಲಿ ಒಂದಾದ ಮೇಲೆ ಹತ್ತು, ಹನ್ನೊಂದು, ಹನ್ನೆರಡು. ಆಮೇಲೆ ಎರಡು. ಕರ್ಣ ಹತ್ತಕ್ಕೇ ಯಾಕೆ ಸತ್ತ ಅಂತ ಈಗ ಗೊತ್ತಾಯಿತಲ್ವಾ? ಒಂದನೇ ಕಂತಿನಲ್ಲಿ ಪೀಠಿಕೆ, ಹತ್ತರಲ್ಲಿ ಯುದ್ಧ, ಹನ್ನೊಂದರಲ್ಲಿ ರಥದ ಗಾಲಿ ಹೂತಿತು, ಹನ್ನೆರಡಕ್ಕೆ ಕಥೆ ಮುಗಿಯಿತು. ಸುಲಿಯಲು ಬಂದ ಹೆಂಗಸರು "ಇಷ್ಟು ಬೇಗ ಮುಗೀತಾ?" ಅಂತ ಏಳಲು ಹೊರಟಿದ್ದರು.

ಪರಿಹಾರ ಸುಲಭ. 1ರ ಹಿಂದೆ ಸೊನ್ನೆ ಹಾಕಿ 01, 02 ಅಂತ ಹೆಸರಿಟ್ಟೆ. ಪೆಟ್ಟಿಗೆ ಸರಿಹೋಯಿತು.

ಅದೇ ವಾರ ಬೆಂಗಳೂರಿಂದ ಅಕ್ಕ, ಭಾವ ಬಂದರು. ಭಾವನ ಕಾರಿನ ಸ್ಟೀರಿಯೋಗೂ ಒಂದು ಬೇಕಂತೆ. 64 ಜಿಬಿಯ ಹೊಸ ಪೆನ್‌ಡ್ರೈವ್ ಕೊಟ್ಟರು. ಹಾಕಿದರೆ ಕಾರು ಸುಮ್ಮನೆ ಕೂತಿತು. ಅಷ್ಟು ದೊಡ್ಡವು ಅಂಗಡಿಯಿಂದ ಬರುವಾಗ ಹೆಚ್ಚಾಗಿ ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟಿನಲ್ಲಿ, ಅಂದರೆ ಫೈಲು ಜೋಡಿಸಿಡುವ ಒಂದು ಬಗೆಯಲ್ಲಿ ಬರುತ್ತವೆ, ಹಳೇ ಕಾರಿಗೆ ಫ್ಯಾಟ್32 ಬೇಕು. ಮನೆಯಲ್ಲಿದ್ದ 8 ಜಿಬಿಯ ಹಳೆಯದರಲ್ಲಿ ಹಾಕಿಕೊಟ್ಟೆ. ಈ ಸಲ ಓದಿತು. ಆದರೆ ಶುರುವಾಗಿದ್ದು ಏಳನೇ ಕಂತಿನಿಂದ! ಕಾರಿಗೆ ಹೆಸರಿನ ಹಂಗಿಲ್ಲ, ಯಾವ ಫೈಲು ಮೊದಲು ಬಂದು ಕೂತಿತೋ ಅದೇ ಮೊದಲು. ನಾನು ಎಲ್ಲವನ್ನೂ ಒಟ್ಟಿಗೆ ಎಳೆಯುವಾಗ ಮೌಸ್ ಇದ್ದಿದ್ದು ಏಳರ ಮೇಲೆ. ಊಟದ ಮನೆಯಲ್ಲಿ ಎಲೆ ಹಿಡಿಯುವ ಪದ್ಧತಿಯೇ ಇಲ್ಲೂ.

ಅಕ್ಕನ ಹಳೇ ಮ್ಯೂಸಿಕ್ ಪ್ಲೇಯರಿನದು ಮೂರನೇ ಕಾನೂನು. ಅದಕ್ಕೆ ಹೆಸರೂ ಬೇಡ, ಕೂತ ಸರದಿಯೂ ಬೇಡ. ಫೈಲಿನ ಹೊಟ್ಟೆಯೊಳಗೆ ಟ್ಯಾಗ್ ಅಂತ ಇರುತ್ತದಲ್ಲ, ಅಲ್ಲಿನ ನಂಬರು ಬೇಕು. ನಮ್ಮ ಹನ್ನೆರಡೂ ಕಂತಿನ ಒಳಗೆ ಒಂದು ಅಂತಲೇ ಇತ್ತು. ಮೇಲಾಗಿ ಅದಕ್ಕೆ ಎಳೆದು ಹಾಕುವ ಹಾಗಿಲ್ಲ, ಸಿಂಕ್ ಮಾಡಬೇಕು. ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಇದು ಬೇರೆ ಲೈಬ್ರರಿಯದು, ಇರುವುದನ್ನು ಅಳಿಸಿ ಸಿಂಕ್ ಮಾಡಲಾ ಅಂತ ಕೇಳಿತು. ನಾನು ಪೂರ್ತಿ ಓದದೆ ಹೌದು ಒತ್ತಿದೆ. ಸಿಂಕ್ ಅಂದರೆ ಸೇರಿಸುವುದು ಅಂತಲೇ ನಾನು ತಿಳಿದಿದ್ದು. ಅಲ್ಲ, ಸಮ ಮಾಡುವುದು. ಅಕ್ಕನ ಕಾಲೇಜಿನ ದಿನಗಳ ಹಾಡೆಲ್ಲ ಸಮವಾಗಿ ಹೋಯಿತು. ಅವಳು ಆವತ್ತಿಂದ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾಳೆ. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ, ಅವಳೂ ಓದುತ್ತಾಳೆ.

ಇಷ್ಟೆಲ್ಲ ಆಗಿ, ಹೆಸರು, ಸರದಿ, ಟ್ಯಾಗು ಮೂರನ್ನೂ ತಿದ್ದಿ, ಇನ್ನು ಯಾರೂ ಸೊಲ್ಲೆತ್ತುವ ಹಾಗಿಲ್ಲ ಅಂತ ಪೆಟ್ಟಿಗೆಗೆ ಹಾಕಿ ಕೊಟ್ಟೆ. ಒಂಬತ್ತು ಕಂತಿನ ತನಕ ಅಪ್ಪ ಸುಮ್ಮನೆ ಕೇಳಿದ. ಒಂದೇ ರಾತ್ರಿ ಅಲ್ಲ, ಮೂರು ರಾತ್ರಿ. ಹತ್ತನೆಯದು ಮುಗಿದು ಹನ್ನೊಂದು ಶುರುವಾಗಿದ್ದೇ ತಡ, ಮೆಟ್ಟುಗತ್ತಿಯಿಂದ ಕೈ ತೆಗೆದ.

"ನಂದು ಎಲ್ಹೋತು?"

"ಎಂತದು?"

"ನಂದು."

ಇದು ನನಗೆ ಗೊತ್ತಿದ್ದ ವಿಷಯವೇ, ಮರೆತಿದ್ದೆ. ಆ ರಾತ್ರಿ ಅಪ್ಪನಿಗೂ ಒಂದು ಅರ್ಥ, ಅಂದರೆ ಮಾತಾಡುವ ಪಾತ್ರ, ಸಿಕ್ಕಿತ್ತು. ದೊಡ್ಡ ದೊಡ್ಡ ಅರ್ಥಧಾರಿಗಳ ನಡುವೆ ಅಶ್ವಸೇನ ಅನ್ನುವ ಸರ್ಪದ್ದು. ಕರ್ಣ ಬಿಟ್ಟ ಸರ್ಪಾಸ್ತ್ರ ಗುರಿ ತಪ್ಪಿ ಅರ್ಜುನನ ಕಿರೀಟಕ್ಕೆ ತಗಲುತ್ತದಲ್ಲ, ವಾಪಸು ಬಂದು "ಇನ್ನೊಮ್ಮೆ ನನ್ನನ್ನು ತೊಡು" ಅಂತ ಕೇಳುವ ಪಾತ್ರ. ಕರ್ಣ ಆಗುವುದಿಲ್ಲ ಅನ್ನುತ್ತಾನೆ. ಎರಡು ನಿಮಿಷದ ಕೆಲಸ. ಅಪ್ಪ ಅದಕ್ಕೆ ಒಂದು ತಿಂಗಳು ತೋಟದಲ್ಲಿ ಒಬ್ಬನೇ ಮಾತಾಡಿಕೊಂಡು ತಿರುಗಿದ್ದನಂತೆ. ಆಯಿ ಹೇಳುತ್ತಿದ್ದಳು.

ಸರ್ಪ ಬಾಯಿ ತೆಗೆಯುವುದಕ್ಕೂ ಹತ್ತನೇ ಬದಿ ಖಾಲಿಯಾಗುವುದಕ್ಕೂ ಸರಿಹೋಯಿತು. ದೊಡ್ಡಪ್ಪನಿಗೆ ನಿದ್ದೆಯ ಮಂಪರು. ಹಳೇ ಕ್ಯಾಸೆಟ್ ತೆಗೆದು, ಹೊಸದರ ಪ್ಲಾಸ್ಟಿಕ್ ಹರಿದು, ಹಾಕಿ, ಗುಂಡಿ ಒತ್ತುವ ಹೊತ್ತಿಗೆ ಸರ್ಪ ಹೋಗಿಯಾಗಿತ್ತು. ಹನ್ನೊಂದನೇ ಬದಿ ಶುರುವಾಗುವುದೇ ಕರ್ಣನ ಉತ್ತರದಿಂದ. ಯಾರಿಗೆ ಉತ್ತರ ಅಂತ ಕೇಳುವವರಿಗೆ ಗೊತ್ತಾಗುವುದಿಲ್ಲ.

ಆಮೇಲೆ ಇಷ್ಟು ವರ್ಷ ಅಪ್ಪ ಮಾಡಿದ್ದು ಇಷ್ಟೇ. ಐದನೇ ಕ್ಯಾಸೆಟ್ ಮುಗಿದಾಗ ಎದ್ದು ಹೋಗಿ, ಆರನೆಯದನ್ನು ಹಾಕುವಷ್ಟರಲ್ಲಿ ತನ್ನ ಅರ್ಥ ಹೇಳಿಬಿಡುತ್ತಿದ್ದ. ನಿಧಾನವಾಗಿ, ಡಬ್ಬಿ ತೆಗೆದು, ರೀಲು ಸಡಿಲ ಇದ್ದರೆ ಪೆನ್ಸಿಲ್ಲಿನಿಂದ ಸುತ್ತಿ. ಸಡಿಲ ಇಲ್ಲದಿದ್ದರೂ ಸುತ್ತಿ. ಕೊನೇ ಮಾತು ಮುಗಿದ ಮೇಲೇ ಗುಂಡಿ ಒತ್ತುವುದು. ತಕ್ಷಣ ಕರ್ಣನ ಉತ್ತರ ಬರುತ್ತಿತ್ತು. ಅಪ್ಪನಿಗೇ.

ನಾನು ಬುದ್ಧಿವಂತ. ತುದಿಯಲ್ಲಿದ್ದ ಬರೀ ಸೊಯ್ ಅನ್ನುವ ಸದ್ದನ್ನೆಲ್ಲ ಕತ್ತರಿಸಿ, ಒಂದು ಕಂತಿಗೆ ಇನ್ನೊಂದು ತಾಗಿಕೊಂಡು ಬರುವ ಹಾಗೆ ಮಾಡಿದ್ದೆ. ಎಷ್ಟು ಚೆಂದ ಕೂಡಿಸಿದ್ದೇನೆ ಅಂತ ನನಗೇ ಖುಷಿ.

ಅಪ್ಪ ಬೈಯಲಿಲ್ಲ. ಮತ್ತೆ ಅಡಿಕೆ ಸುಲಿಯಲು ಶುರುಮಾಡಿದ. ಬೈದಿದ್ದರೆ ಚೆನ್ನಾಗಿತ್ತು.

ರಾತ್ರಿಯೇ ಕೂತು ಎರಡೂವರೆ ನಿಮಿಷದ ಒಂದು ಖಾಲಿ ಫೈಲು ಮಾಡಿದೆ. ಒಳಗೆ ಏನೂ ಇಲ್ಲ, ಬರೀ ಮೌನ. ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಅದನ್ನು ಕೂರಿಸಲು ಹೆಸರು, ಸರದಿ, ಟ್ಯಾಗು ಎಲ್ಲ ಮತ್ತೆ ತಿದ್ದಬೇಕಾಯಿತು. ಟ್ಯಾಗಿನಲ್ಲಿ ಕಲಾವಿದರು ಅನ್ನುವ ಜಾಗದಲ್ಲಿ ಕನ್ನಡದಲ್ಲಿ ಅಪ್ಪನ ಹೆಸರು ಬರೆದೆ. ಕಾರಿನ ಪರದೆಯಲ್ಲಿ ಅದು ನಾಲ್ಕು ಪ್ರಶ್ನೆಚಿಹ್ನೆಯಾಗಿ ಕಾಣುತ್ತದೆ, ಇರಲಿ.

ನಿನ್ನೆ ಎಲ್ಲರೂ ಕುಮಟಾಕ್ಕೆ ಮದುವೆಗೆ ಹೊರಟೆವು. ಅದೇ ಪೆನ್‌ಡ್ರೈವಿನಲ್ಲಿ ಅಕ್ಕನ ಮಗಳ ಸಿನಿಮಾ ಹಾಡೂ ಇದ್ದವು. ಅವಳು ಶಫಲ್ ಒತ್ತಿದ್ದಳು. ದೇವಿಮನೆ ಘಟ್ಟದ ತಿರುವಿನಲ್ಲಿ ಕುಣಿಯುವ ಹಾಡೊಂದು ಮುಗಿದಿದ್ದೇ, ಕಾರು ಗಪ್‌ಚುಪ್. ಭಾವ ಸ್ಟೀರಿಯೋಗೆ ಎರಡು ಸಲ ತಟ್ಟಿದರು. ಪರದೆಯ ಮೇಲೆ ನಾಲ್ಕು ಪ್ರಶ್ನೆಚಿಹ್ನೆ.

ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಪ್ಪ ಕಣ್ಣು ಬಿಟ್ಟ. ಗಂಟಲು ಸರಿಮಾಡಿಕೊಂಡ.

"ಎಲೈ ಕರ್ಣಾ! ಇನ್ನೊಮ್ಮೆ ತೊಡು!"

ಭಾವ ಬೆಚ್ಚಿಬಿದ್ದು ಗೇರ್ ಇಳಿಸಿದರು. "ಬೆಲ್ಟ್ ಆಗ್ಲೇ ಹಾಕಿದ್ದೀನಿ ಮಾವ!"