ಗಾದೆ ಸುಳ್ಳಾಗಬಹುದು

ಕಳೆದ ವಾರ ಹೊರಗುತ್ತಿಗೆಯ ಮೇಲೆ ನಮ್ಮ ಕಚೇರಿಗೆ ಬಂದ ಹುಡುಗನೊಬ್ಬ ಸರ್ವರಿನ ಪಾಸ್‌ವರ್ಡ್ ಫೈಲಿಗೆ ತನ್ನ ಹೆಸರು ಸೇರಿಸಿಕೊಳ್ಳುವ ಭರದಲ್ಲಿ ಉಳಿದ ಎಲ್ಲರ ಹೆಸರನ್ನೂ ಅಳಿಸಿಹಾಕಿದ. ಕೇಳಿದರೆ, "ಸರ್, ನನಗೆ ತೆರೆಯುತ್ತಿದೆಯಲ್ಲ!" ಎಂದು ಕಣ್ಣರಳಿಸಿದ. ತೆರೆಯದೆ ಏನು? ಆ ಫೈಲಿನಲ್ಲಿ ಈಗ ಇದ್ದವನು ಅವನೊಬ್ಬನೇ.

ನಮ್ಮದು ಪುಸ್ತಕ ಪ್ರಕಟಿಸುವ ಸಣ್ಣ ಸಂಸ್ಥೆ. ಕರಡು ಪುಟಗಳು, ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು, ಲೇಖಕರ ಒಪ್ಪಂದಗಳು ಎಲ್ಲವೂ ಅಪಾಚೆ ಎಂಬ ತಂತ್ರಾಂಶ ನಡೆಸುವ ಒಂದು ವೆಬ್ ಸರ್ವರಿನ ಮೇಲೆ ಕುಳಿತಿವೆ. ಅದಕ್ಕೊಂದು ಬೀಗ; ಆ ಬೀಗಕ್ಕೊಂದು ಪಠ್ಯ ಕಡತ. ಸಾಲಿಗೊಬ್ಬರಂತೆ ಹೆಸರು, ಒಂದು ಕೋಲನ್, ಅದರ ಮುಂದೆ ಯಾರಿಗೂ ಅರ್ಥವಾಗದ ಅಕ್ಷರಗಳ ಗೊಂಚಲು. ಇದನ್ನು ನೋಡಿಕೊಳ್ಳಲು ಎಚ್‌ಟಿಪಾಸ್‌ಡಬ್ಲ್ಯೂಡಿ ಎಂಬ ಸಲಕರಣೆ ಇದೆ. ಅದಕ್ಕೆ ‘-ಸಿ’ ಎಂದು ಸೇರಿಸಿದರೆ ಹೊಸ ಫೈಲು ಸೃಷ್ಟಿಯಾಗುತ್ತದೆ. ಆ ಹೆಸರಿನ ಫೈಲು ಆಗಲೇ ಇದ್ದರೆ? ಅದನ್ನು ಸವರಿಹಾಕಿ ಹೊಸದಾಗಿ ಬರೆಯುತ್ತದೆ. "ಇಷ್ಟು ಜನ ಇದ್ದಾರೆ, ಅಳಿಸಲೇ?" ಎಂಬ ಒಂದು ಮಾತೂ ಇಲ್ಲ. ಮೊಬೈಲಿನಲ್ಲಿ ಮಬ್ಬಾದ ಫೋಟೋ ಅಳಿಸಲು ಹೋದರೂ "ಖಚಿತವೇ?" ಎಂದು ಕೇಳುವ ಈ ಕಾಲದಲ್ಲಿ, ಇಡೀ ಕಚೇರಿಯನ್ನು ಬೀದಿಗೆ ನಿಲ್ಲಿಸುವ ಆದೇಶಕ್ಕೆ ಯಾವ ತಡೆಯೂ ಇಲ್ಲ. ಕೈಪಿಡಿಯಲ್ಲಿ ಎಲ್ಲವೂ ಸ್ಪಷ್ಟವಾಗಿ ಬರೆದಿದೆ, ನಿಜ. ಆದರೆ ಹುಡುಗ ಓದಿದ್ದು ಕೈಪಿಡಿಯನ್ನಲ್ಲ, ಎಲ್ಲೋ ಸಿಕ್ಕ ಒಂದು ಉದಾಹರಣೆಯನ್ನು. ಉದಾಹರಣೆಗಳಲ್ಲಿ ಯಾವಾಗಲೂ ಮೊದಲ ಬಳಕೆದಾರನನ್ನೇ ಸೇರಿಸುತ್ತಿರುತ್ತಾರೆ. ಹಾಗಾಗಿ ಅಲ್ಲೆಲ್ಲ ‘-ಸಿ’ ಇದ್ದೇ ಇರುತ್ತದೆ.

ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ತಂದು ಹಾಕಿದೆ. ಆದರೆ ಅಷ್ಟರಲ್ಲಿ ಫೋನಿನ ಸುರಿಮಳೆ ಶುರುವಾಗಿತ್ತು. ಬ್ರೌಸರ್ ಕೂಡ ಕಡಿಮೆ ಕಿಲಾಡಿಯಲ್ಲ. ಹೆಸರು ತಪ್ಪೋ, ಪಾಸ್‌ವರ್ಡ್ ತಪ್ಪೋ, ಅಥವಾ ನೀವೇ ಈ ಲೋಕದಲ್ಲಿಲ್ಲವೋ ಎಂದು ಹೇಳದೆ, ಅದೇ ಪುಟ್ಟ ಕಿಟಕಿಯನ್ನು ಮತ್ತೆ ಮತ್ತೆ ಮುಂದೊಡ್ಡುತ್ತದೆ. ರದ್ದು ಮಾಡಿದರೆ 401, ಅಂದರೆ ‘ಗುರುತು ಸಿಗಲಿಲ್ಲ, ಪ್ರವೇಶವಿಲ್ಲ’, ಎಂದು ಮುಖ ತಿರುಗಿಸುತ್ತದೆ.

ಈ ಗಲಾಟೆಯಿಂದ ಬೆದರಿದ ವ್ಯವಸ್ಥಾಪಕರು ನನ್ನನ್ನು ಕರೆಸಿ, "ಎಲ್ಲರ ಪಾಸ್‌ವರ್ಡುಗಳನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ನನ್ನ ಕೈಗೆ ಕೊಟ್ಟುಬಿಡಿ, ಬೀರುವಿನಲ್ಲಿ ಭದ್ರವಾಗಿ ಇಡುತ್ತೇನೆ" ಎಂದರು. ಫೈಲಿನಲ್ಲಿ ಯಾರ ಪಾಸ್‌ವರ್ಡೂ ಇಲ್ಲ, ಅದನ್ನು ಅರೆದು ಮಾಡಿದ ಹ್ಯಾಶ್ ಮಾತ್ರ ಇದೆ, ಅರೆದದ್ದನ್ನು ಮತ್ತೆ ಕಾಳು ಮಾಡಲಾಗದು ಎಂದು ವಿವರಿಸಿದೆ. ಅವರು ನಂಬಲಿಲ್ಲ. ಎಲ್ಲರ ಪಾಸ್‌ವರ್ಡೂ ನನಗೆ ಗೊತ್ತು, ಬೇಕೆಂದೇ ಮುಚ್ಚಿಡುತ್ತಿದ್ದೇನೆ ಎಂಬುದು ಈ ಕಚೇರಿಯ ಒಮ್ಮತದ ಅಭಿಪ್ರಾಯ. ನನಗೆ ಗೊತ್ತಿರುವುದು ಇಷ್ಟೇ: ಸರ್ವರಿನ ದಾಖಲೆಯಲ್ಲಿ ‘ಪಾಸ್‌ವರ್ಡ್ ಹೊಂದುತ್ತಿಲ್ಲ’ ಎಂಬ ಅರ್ಥದ ಸಾಲು ಬೀಳುತ್ತದೆ. ಏನು ಬರೆದರು ಎಂದು ತಿಳಿಯುವುದಿಲ್ಲ. ತಪ್ಪು ಬರೆದರು ಎಂದು ಮಾತ್ರ ತಿಳಿಯುತ್ತದೆ.

ಮುದ್ರಿಸಿ ಕೊಡುವುದಕ್ಕೆ ಹಿರಿಯರ ಮಾರ್ಗವೂ ಇಲ್ಲದಿಲ್ಲ. ಅಮೆರಿಕದ ಎಂಐಟಿಯಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಂಡು ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಇತ್ತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಕೊಟ್ಟ ಯಂತ್ರದ ಸಮಯ ಸಾಲದೆ, ಪಾಸ್‌ವರ್ಡುಗಳ ಫೈಲನ್ನೇ ಮುದ್ರಿಸಿಕೊಡಿ ಎಂದು ಯಂತ್ರಕ್ಕೆ ಕೋರಿಕೆ ಸಲ್ಲಿಸಿದ. ಅದು ಮರ್ಯಾದೆಯಿಂದ ಮುದ್ರಿಸಿಯೇ ಕೊಟ್ಟಿತು. 1966ರಲ್ಲಿ ಅದೇ ವ್ಯವಸ್ಥೆಯಲ್ಲಿ ಎರಡು ತಾತ್ಕಾಲಿಕ ಫೈಲುಗಳು ಅದಲುಬದಲಾಗಿ, ಒಳಬಂದವರಿಗೆಲ್ಲ ದಿನದ ಸೂಚನೆಯ ಜಾಗದಲ್ಲಿ ಇಡೀ ಊರಿನ ಪಾಸ್‌ವರ್ಡುಗಳು ಕಾಣಿಸಿಕೊಂಡವು. ಆಗ ಅವನ್ನು ಅರೆಯದೆ ಹಾಗೆಯೇ ಇಡುತ್ತಿದ್ದರು. ನಮ್ಮ ವ್ಯವಸ್ಥಾಪಕರು ಅಲ್ಲಿರಬೇಕಿತ್ತು.

ಇವರೆಲ್ಲರನ್ನೂ ಹೇಗೋ ಸಂಭಾಳಿಸಬಹುದು. ಸಂಭಾಳಿಸಲಾಗದವರು ನಮ್ಮ ಮೇಷ್ಟರು.

ಮೇಷ್ಟರು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ, ಈಗ ನಮ್ಮಲ್ಲಿ ಕರಡು ತಿದ್ದುತ್ತಾರೆ. ಈ ಬಗೆಯ ಬೀಗದಲ್ಲಿ ‘ಹೊರಗೆ ಹೋಗು’ ಎಂಬ ಗುಂಡಿಯೇ ಇರುವುದಿಲ್ಲ; ಬ್ರೌಸರ್ ಮುಚ್ಚುವವರೆಗೆ ಒಮ್ಮೆ ಬರೆದ ಪಾಸ್‌ವರ್ಡನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಉಳಿದವರು ಬ್ರೌಸರ್ ಮುಚ್ಚುವುದೇ ಇಲ್ಲ, ಹಾಗಾಗಿ ಅವರಿಗೆ ತೊಂದರೆಯೂ ಇಲ್ಲ. ಮೇಷ್ಟರು ಮಾತ್ರ ಕಾಫಿಗೆ ಎದ್ದರೂ ಬ್ರೌಸರ್ ಮುಚ್ಚುತ್ತಾರೆ. ಶಿಸ್ತಿನ ಮನುಷ್ಯ. ಕಂಪ್ಯೂಟರಿನ ಲೋಕದಲ್ಲಿ ಶಿಸ್ತಿಗೆ ಸಿಗುವ ಬಹುಮಾನವೆಂದರೆ ಮತ್ತೊಮ್ಮೆ ಪಾಸ್‌ವರ್ಡ್ ಬರೆಯುವ ಅವಕಾಶ.

ನಾನು ಕೊಟ್ಟ ಇಂಗ್ಲಿಷ್ ಅಕ್ಷರ, ಅಂಕಿಗಳ ಕಲಬೆರಕೆ ಅವರಿಗೆ ಒಗ್ಗಲಿಲ್ಲ. "ಕನ್ನಡದ ಕಚೇರಿಯಲ್ಲಿ ಕನ್ನಡದ ಪಾಸ್‌ವರ್ಡ್ ಇರಬಾರದೇನಪ್ಪಾ?" ಎಂದರು. ಇರಬಹುದು. ನಮ್ಮ ಸರ್ವರಿಗೆ ಅಭ್ಯಂತರವಿಲ್ಲ, ಅವರಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಬರುತ್ತದೆ. ನಾನು ಒಪ್ಪಿದೆ. ಮರುಗಳಿಗೆಯೇ ಕರೆ ಬಂತು.

"ಕನ್ನಡ ಎಂದು ಬರೆದು ನೋಡಿದೆ. ಕನ್ನಡ ಎಂದರೆ ಎಷ್ಟು ಅಕ್ಷರ?"

"ಮೂರು, ಮೇಷ್ಟರೇ."

"ಇಲ್ಲಿ ಐದು ಚುಕ್ಕೆ ಬಿದ್ದಿವೆ. ಇನ್ನೆರಡು ಯಾರದ್ದು?"

ಯೂನಿಕೋಡಿನ ಪ್ರಕಾರ ಕ, ನ, ಒತ್ತು ಕೂಡಿಸುವ ಹಲಂತ ಚಿಹ್ನೆ, ಮತ್ತೆ ನ, ಡ ಎಂದು ಐದು ಸಂಕೇತಗಳಾಗುತ್ತವೆ ಎಂದೆ. "ಒತ್ತಕ್ಷರವನ್ನು ಬಿಡಿಸಿ ಎಣಿಸಲು ಇವರಿಗೆ ಯಾರು ಹೇಳಿದರು?" ಎಂದು ಗದರಿದರು. ಬಳಿಕ ಆ ಐದು ಚುಕ್ಕೆಗಳ ಮೇಲೆ ಛಂದಸ್ಸಿನ ಪಾಠವೇ ನಡೆಯಿತು. ಕೊನೆಗೆ ಒತ್ತಕ್ಷರವಿಲ್ಲದ ಪದವನ್ನೇ ಇಡುವುದೆಂದು ತೀರ್ಮಾನಿಸಿ, ಅವರ ಮನೆಯಂಗಳದ ಹೂವಿನ ಹೆಸರು ‘ಕನಕಾಂಬರ’ವನ್ನು ಆರಿಸಿದರು. ನನಗೆ ಹೇಳಬಾರದೆಂದು ಎಷ್ಟು ಕೇಳಿಕೊಂಡರೂ ಕಾಗುಣಿತ ಸಹಿತ ಹೇಳಿದರು. ತಾವೇ ಹೋಗಿ, ಪಾಸ್‌ವರ್ಡ್ ಬದಲಿಸಲು ಇದ್ದ ಹಳೆಯ ವೆಬ್ ಪುಟವೊಂದರ ಮೂಲಕ ಹಾಕಿಕೊಂಡರು.

ಕೆಲವು ದಿನ ಶಾಂತಿ. ನಂತರ ಒಂದು ಬೆಳಿಗ್ಗೆ ಅವರು ಮೇಜಿನ ಮುಂದೆ ಬಂದು ನಿಂತರು. ಮುಖ ಕೆಂಪಗಿತ್ತು.

"ತಪ್ಪು ಬರೆದೆ. ಒಳಗೆ ಬಿಟ್ಟಿತು."

ಪಾಸ್‌ವರ್ಡ್ ಒಪ್ಪುತ್ತಿಲ್ಲ ಎಂದು ದೂರುವವರನ್ನು ಕಂಡಿದ್ದೇನೆ. ಒಪ್ಪಿಬಿಟ್ಟಿತು ಎಂದು ದೂರಿದವರು ಇವರೊಬ್ಬರೇ. ಯಾವುದೋ ಯೋಚನೆಯಲ್ಲಿ ‘ಕನಸು’ ಎಂದು ಬರೆದು ಕೀಲಿ ಒತ್ತಿದರಂತೆ, ಬಾಗಿಲು ತೆರೆಯಿತಂತೆ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಕೆಲಸ ಮಾಡಿಕೊಳ್ಳುತ್ತಿದ್ದರು. ಬದುಕಿಡೀ ಒಂದು ಅನುಸ್ವಾರವನ್ನೂ ತಪ್ಪಾಗಿ ದಾಟಲು ಬಿಡದವರಿಗೆ ಇದು ಸಹಿಸುವ ವಿಷಯವೇ? ಅಷ್ಟಕ್ಕೆ ನಿಲ್ಲಿಸದೆ ಪರೀಕ್ಷೆಯನ್ನೂ ಮಾಡಿದ್ದರು. ಕನಕಪುರ: ತೆರೆಯಿತು. ಕನಕದಾಸ: ತೆರೆಯಿತು. ಕನವರಿಕೆ: ಅದಕ್ಕೂ ತೆರೆಯಿತು. ಕನ್ನಡ ಎಂದರೆ ಮಾತ್ರ ತೆರೆಯಲಿಲ್ಲ. ಆ ಕೊನೆಯದು ಅವರನ್ನು ಹೆಚ್ಚು ನೋಯಿಸಿತ್ತು.

ವಿಷಯ ಹೀಗಿತ್ತು. ಆ ಹಳೆಯ ಪುಟ ಬಳಸುತ್ತಿದ್ದದ್ದು ಕ್ರಿಪ್ಟ್ ಎಂಬ ಹಳೆಯ ವಿಧಾನವನ್ನು. ಅದು ಪಾಸ್‌ವರ್ಡಿನ ಮೊದಲ ಎಂಟು ಬೈಟ್‌ಗಳನ್ನು ಮಾತ್ರ ನೋಡುತ್ತದೆ. ಇಂಗ್ಲಿಷಿನವರಿಗೆ ಎಂಟು ಬೈಟ್ ಎಂದರೆ ಎಂಟು ಅಕ್ಷರ. ನಮಗೆ, ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ, ಒಂದೊಂದು ಸಂಕೇತಕ್ಕೂ ಮೂರು ಬೈಟ್. ಅಂದರೆ ಎರಡು ಪೂರ್ತಿ ಅಕ್ಷರ ಮತ್ತು ಮೂರನೆಯದರ ಮೂರರಲ್ಲಿ ಎರಡು ಪಾಲು. ಮೂರನೆಯ ಅಕ್ಷರದ ಗುರುತು ಇರುವುದೇ ಉಳಿದ ಆ ಒಂದು ಪಾಲಿನಲ್ಲಿ. ಮೊದಲೆರಡು ಬೈಟ್‌ಗಳು ಕ, ಸ, ವ ಎಲ್ಲಕ್ಕೂ ಒಂದೇ. ಹಾಗಾಗಿ ‘ಕನ’ ಎಂದು ಶುರು ಮಾಡಿ ಮುಂದೆ ಯಾವ ವ್ಯಂಜನ ಬರೆದರೂ ಬೀಗ ತೃಪ್ತ. ‘ಕನ್ನಡ’ದಲ್ಲಿ ಮೂರನೆಯದು ಹಲಂತ ಚಿಹ್ನೆ, ಅದರ ಎರಡನೆಯ ಬೈಟ್ ಬೇರೆ; ಅದಕ್ಕೇ ತೆರೆಯಲಿಲ್ಲ. ಇಷ್ಟನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ಮೇಷ್ಟರು ಕನ್ನಡಕ ಏರಿಸಿ, ಕೆಂಪು ಪೆನ್ನಿನಿಂದ ನನ್ನ ‘ತ್ರುಪ್ತ’ವನ್ನು ‘ತೃಪ್ತ’ ಮಾಡಿದರು.

ಆಮೇಲೆ ಅವರ ಸಾಲನ್ನು ಬಿಕ್ರಿಪ್ಟ್ ವಿಧಾನಕ್ಕೆ ಬದಲಿಸಿದೆ. ಅದು ಉದಾರಿ, 72 ಬೈಟ್‌ಗಳವರೆಗೆ ನೋಡುತ್ತದೆ, ಆಚೆಗಿನದನ್ನು ಕೇಳಿಸಿಕೊಳ್ಳುವುದಿಲ್ಲ. "ಹಾಗಾದರೆ ಒಂದು ಗಾದೆಯನ್ನೇ ಇಡಬಹುದು" ಎಂದು ಅವರು ಹಿಗ್ಗಿ, ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಇಟ್ಟರು. ಮತ್ತೆ ಯಥಾಪ್ರಕಾರ ನನಗೆ ಹೇಳಿದರು. ನಾನು ಸುಮ್ಮನಿರಬೇಕಿತ್ತು, ಕೈ ಕೇಳಲಿಲ್ಲ, ಎಣಿಸಿದೆ. ನಡುವಿನ ಖಾಲಿ ಜಾಗಗಳನ್ನೂ ಸೇರಿಸಿದರೆ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗ’ ಎಂಬಲ್ಲಿಗೆ ಸರಿಯಾಗಿ 72. ‘ದು’ ಹೊರಗೆ. ಅಂದರೆ ಗಾದೆ ಸುಳ್ಳಾಗಬಹುದು ಎಂದರೂ ತೆರೆಯುತ್ತದೆ, ಸುಳ್ಳಾಗಲಿ ಎಂದು ಶಪಿಸಿದರೂ ತೆರೆಯುತ್ತದೆ. ಇದನ್ನು ಮೇಷ್ಟರಿಗೆ ಇನ್ನೂ ಹೇಳಿಲ್ಲ.

ಆ ಹಳೆಯ ಪುಟವನ್ನು ಮಾಡಿಟ್ಟವರು ನನಗಿಂತ ಮೊದಲು ಈ ಕೆಲಸದಲ್ಲಿದ್ದವರು. ಮೇಷ್ಟರ ಗದ್ದಲದ ನಂತರ ಕ್ರಿಪ್ಟ್ ಸಾಲುಗಳನ್ನು ಹುಡುಕಿ ತೆಗೆಯಲು ಕುಳಿತೆ. ಹ್ಯಾಶ್ ನೋಡಿದರೆ ಯಾರು ಯಾವ ಕಾಲದವರು ಎಂದು ಅಂದಾಜಾಗುತ್ತದೆ. ಡಾಲರ್ ಚಿಹ್ನೆಯೇ ಇಲ್ಲದ, ಹದಿಮೂರೇ ಅಕ್ಷರಗಳವು ಎಲ್ಲಕ್ಕಿಂತ ಹಳೆಯವು. ಎಪಿಆರ್1 ಎಂದು ಶುರುವಾಗುವವು ನಡುವಿನವು. ಮೇಲ್ಗಡೆಯ ಸಾಲುಗಳಲ್ಲಿ ಒಂದು, ಮುಖಪುಟ ಬರೆಯುತ್ತಿದ್ದ ಕಲಾವಿದರದ್ದು. ಅವರು ತೀರಿಕೊಂಡು ವರ್ಷಗಳಾದವು. ‘-ಡಿ’ ಎಂದು ಬರೆದರೆ ಆ ಸಾಲು ಹೋಗುತ್ತದೆ, ಅದಕ್ಕೂ ಖಚಿತವೇ ಎಂದು ಯಾರೂ ಕೇಳುವುದಿಲ್ಲ. ನಿಯಮದ ಪ್ರಕಾರ ತೆಗೆಯಲೇಬೇಕು. ತೆಗೆದೆ. ಅವರು ಕೊನೆಯ ಸಲ ಏನೆಂದು ಬರೆದು ಒಳಗೆ ಬಂದಿದ್ದರೋ, ಅದು ಫೈಲಿಗೂ ಗೊತ್ತಿರಲಿಲ್ಲ.

ಮೇಷ್ಟರ ವಿಷಯ ಮುಗಿಯಿತು ಎಂದುಕೊಂಡಿದ್ದೆ. ಆದರೆ ಈ ಬೀಗದ ಮೂಲ ಗ್ರಂಥ ಯಾವುದು ಎಂದು ಅವರು ಕೇಳಿದಾಗ, ಅಂತರಜಾಲದ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಸರಣಿಯ 7617 ಎಂಬ ದಾಖಲೆಯನ್ನು ಮುದ್ರಿಸಿ ಕೊಟ್ಟು ಕೆಲಸ ಕೆಡಿಸಿಕೊಂಡೆ. ಮರುದಿನ ಬೆಳಿಗ್ಗೆ ಅದು ಕೆಂಪು ಗೆರೆಗಳೊಂದಿಗೆ ನನ್ನ ಮೇಜಿಗೆ ವಾಪಸು ಬಂತು.

"ಇಲ್ಲಿ ಉದಾಹರಣೆಗೆಂದು ಬಳಕೆದಾರನ ಹೆಸರು ಅಲ್ಲಾದೀನ್ ಎಂದು ಕೊಟ್ಟಿದ್ದಾರೆ. ಪಾಸ್‌ವರ್ಡ್ ‘ಓಪನ್ ಸೆಸಮಿ’ ಅಂತೆ. ಅಲ್ಲಾದೀನನದು ದೀಪ. ಗುಹೆಯ ಬಾಗಿಲು ಆಲಿಬಾಬಾನದು. ಕರಡು ಯಾರು ನೋಡಿದ್ದು?"

ಹೌದಲ್ಲ! ವೆಬ್ ಪುಟಗಳು ಓಡಾಡುವ ನಿಯಮ ಹೇಳುವ 1996ರ ಎಚ್‌ಟಿಟಿಪಿ ದಾಖಲೆಯಲ್ಲೂ ಅದೇ ಅಲ್ಲಾದೀನ್, 2015ರ ಪರಿಷ್ಕರಣೆಯಲ್ಲೂ ಅವನೇ. ಎಂಜಿನಿಯರುಗಳು ಬೇಕೆಂದೇ ತಮಾಷೆಗೆ ಹಾಗಿಟ್ಟಿರಬಹುದು ಎಂದು ಸಮಾಧಾನ ಹೇಳಿದೆ. ಅಚ್ಚಾದ ಆರ್‌ಎಫ್‌ಸಿಯನ್ನು ತಿದ್ದುವುದಿಲ್ಲ, ತಪ್ಪು ಕಂಡವರು ತಿಳಿಸಿದರೆ ಬೇರೆ ಪಟ್ಟಿಯಲ್ಲಿ ದಾಖಲಿಸುತ್ತಾರೆ ಎಂದೂ ಸೇರಿಸಿದೆ. ಅದನ್ನು ಹೇಳಲೇಬಾರದಿತ್ತು. ಮೇಷ್ಟರು ಆ ಕ್ಷಣವೇ ಪೆನ್ನಿನ ಕ್ಯಾಪು ತೆಗೆದು, "ಒಪ್ಪೋಲೆ ಇದೆಯೇ? ಸರಿ, ವಿಳಾಸ ಬರೆಸು. ಅಲ್ಲಿಗೆ ಹೋಗಲೂ ಪಾಸ್‌ವರ್ಡ್ ಬೇಕಾದರೆ ನಿನ್ನದನ್ನೇ ಕೊಡು" ಎಂದರು.